ಓಆರ್‌ಎಸ್ ಪಾಕೀಟ: ಒಳಗಿನ ಪುಡಿಗೆ ಐದ ಸ್ಟಾರ್, ಮ್ಯಾಲಿನ ಬರಹಕ್ಕ ಎರಡ ಸ್ಟಾರ್

ಮೊದ್ಲ ಹೇಳಿಬಿಡ್ತೀನ್ರಿ, ಇದು ಯಾವುದೋ ಒಂದ ಕಂಪನಿ ಓಆರ್‌ಎಸ್ ರಿವ್ಯೂ ಅಲ್ಲ, ಹೆಸರೂ ಹಾಕಂಗಿಲ್ಲ. ಓಆರ್‌ಎಸ್ ಅಂದ್ರ ಜುಲಾಬ ಹತ್ತಿದಾಗ ನೀರಿನ್ಯಾಗ ಕಲಸಿ ಕುಡಿಸೂ ಉಪ್ಪು ಗ್ಲೂಕೋಸಿನ ಪುಡಿ. ನಾ ವಿಜಯಪುರದಾಗ ಮೆಡಿಕಲ್ ಅಂಗಡ್ಯಾಗ ಕೌಂಟರ್ ಮ್ಯಾಲೆ ನಿಂದ್ರಾಂವ, ಡಿ ಫಾರ್ಮ ಮಾಡೀನಿ. ನಮ್ಮಲ್ಲಿ ಬ್ಯಾಸಗಿ ಬಿಸಲ ಏರಿತಂದ್ರ, ಆಮ್ಯಾಲೆ ಮಳಿ ಶುರು ಆಗಿ ಹೊಸ ನೀರ ಬಂತಂದ್ರ, ಈ ಪಾಕೀಟ ಹೋಗೂ ಸ್ಪೀಡಿಗೆ ಬ್ಯಾರೆ ಯಾವ ಔಷಧನೂ ಹೋಗಂಗಿಲ್ಲ. ತಿಕೋಟಾ ಕಡೆಯಿಂದ, ಬಬಲೇಶ್ವರ ಕಡೆಯಿಂದ, ಇಂಡಿ, ಚಡಚಣ, ಸಿಂದಗಿ, ತಾಂಡಾಗಳಿಂದ, ಊರಾಗಿನ ಓಣಿಗಳಿಂದ ಎಲ್ಲಾ ಥರದ ಮಂದಿ ಬರ್ತಾರ, ಕೈಯಾಗ ಒಂದ ಪಾಕೀಟ ಹಿಡ್ಕೊಂಡು ಹೋಗ್ತಾರ. ಹೋದ ಮ್ಯಾಲೆ ಮನ್ಯಾಗ ಅದನ್ನ ಹೆಂಗ ಕಲಸ್ತಾರ, ಎಷ್ಟ ಕುಡಸ್ತಾರ ಅನ್ನೂದನ್ನ ಮತ್ತ ಬಂದಾಗ ಕೇಳಿ ಕೇಳಿ ನನಗ ತಿಳದದ್ದನ್ನ ಇಲ್ಲಿ ಬರೀತೀನಿ. ಮಾಲು ಹೆಂಗೈತಿ ಮತ್ತ ಅದರ ಮ್ಯಾಲೆ ಬರದ ಮಾತು ನಮ್ಮ ಜಿಲ್ಲಾದ ಮಂದಿಗೆ ಎಷ್ಟ ಮುಟ್ಟತೈತಿ, ಎರಡೂ ನೋಡೂಣು.

ಒಳಗಿನ ಪುಡಿ ಬಗ್ಗೆ ಒಂದೂ ತಕರಾರಿಲ್ಲ. ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 2002ರಾಗ ಹದ ಬದಲ ಮಾಡಿದ ಫಾರ್ಮುಲಾನ ಈಗ ನಡದೈತಿ, ಒಂದ ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್, ಕೂಡಿದ್ರ 20.5 ಗ್ರಾಂ, ದೊಡ್ಡ ಪಾಕೀಟ ತೂಗಿದ್ರ ಹೆಚ್ಚುಕಮ್ಮಿ ಅಷ್ಟ ಬರ್ತೈತಿ, ಫ್ಲೇವರಿದ್ದ ಪಾಕೀಟ ಒಂಚೂರ ಹೆಚ್ಚ ತೂಗ್ತಾವು. ಜುಲಾಬ ಹತ್ತಿದಾಗ ಬರೇ ನೀರ ಕುಡದ್ರ ಕರುಳ ಅದನ್ನ ಸರಿಯಾಗಿ ಎಳಕೊಳ್ಳಂಗಿಲ್ಲ, ಆದ್ರ ಉಪ್ಪು ಗ್ಲೂಕೋಸ್ ಎರಡೂ ಹದದಾಗ ಕೂಡಿ ಹೋದ್ರ ಅವು ಜೋಡಿಯಾಗಿ ಕರುಳಿನ ಗೋಡಿ ದಾಟತಾವು, ಅವುಗಳ ಬೆನ್ನಹತ್ತಿ ನೀರೂ ಒಳಗ ಹೋಗ್ತೈತಿ. ಇಷ್ಟ ಇದರ ಗುಟ್ಟು. 1971ರಾಗ ಬಾಂಗ್ಲಾ ಯುದ್ಧದ ಟೈಮಿಗೆ ಪಶ್ಚಿಮ ಬಂಗಾಳದ ಬಂಗಾಂವದಾಗ ನಿರಾಶ್ರಿತರ ಕ್ಯಾಂಪಿಗೆ ಕಾಲರಾ ಬಿತ್ತು, ಸಲಾಯಿನ್ ಮುಗೀತು, ಆವಾಗ ಡಾ. ದಿಲೀಪ ಮಹಾಲನೋಬಿಸ್ ಅವ್ರು ಉಪ್ಪು ಗ್ಲೂಕೋಸ್ ನೀರ ಡ್ರಮ್ಮಿನ್ಯಾಗ ಕಲಸಿ ಇಟ್ಟು ಕುಡಿಸಿದ್ರು, ನೂರಕ್ಕ 30ರ ಹತ್ರ ಇದ್ದ ಸಾವು 4ಕ್ಕಿಂತ ಕೆಳಗ ಬಂತು. ಅವ್ರು 2022ರಾಗ ತೀರಿಕೊಂಡ್ರು, ಮುಂದಿನ ವರ್ಷ ಸರ್ಕಾರ ಪದ್ಮವಿಭೂಷಣ ಕೊಡ್ತು. ನನಗ ಈ ಇತಿಹಾಸದಾಗ ಭಾಳ ಹಿಡಸಿದ್ದು ಏನಂದ್ರ, ಅಲ್ಲಿ ಪೇಶಂಟಿಗೆ ಚರಿಗಿ ಹಿಡದು ಕುಡಿಸಿದವ್ರು ನರ್ಸ್ ಡಾಕ್ಟರ್ ಅಲ್ಲ, ಅವರವರ ಅವ್ವ, ಅಣ್ಣ, ಗಂಡ, ಅಂದ್ರ ಏನೂ ಟ್ರೇನಿಂಗ್ ಇಲ್ಲದ ಮನಿ ಮಂದಿ. ಈ ಔಷಧ ಹುಟ್ಟಿದ್ದ ಮನಿ ಮಂದಿ ಕೈಗೆ.

ಅದಕ್ಕ ಮ್ಯಾಲಿನ ಬರಹದ ಬಗ್ಗೆ ನನಗ ಇಷ್ಟ ಸಂಕಟ. ನಾನು ಮಾರೂ ಪಾಕೀಟುಗಳ ಮ್ಯಾಲೆ ಸೂಚನಾ ಎಲ್ಲಾ ಇಂಗ್ಲಿಷ್‌ನ್ಯಾಗ, ಕೆಲವದರ ಮ್ಯಾಲೆ ಹಿಂದಿ ಎರಡ ಸಾಲ, ಅಕ್ಷರ ಎಷ್ಟ ಸಣ್ಣವಂದ್ರ ನಲವತ್ತ ದಾಟಿದವ್ರು ಕಣ್ಣಡ್ಕ ಇಲ್ದ ಓದಾಕ ಆಗಂಗಿಲ್ಲ. ಕನ್ನಡ ಸಿಗೂದ ಅಪರೂಪ. ಕನ್ನಡದಾಗ ಇದ್ರ ಎಲ್ಲಾ ಸರಿಹೋಗ್ತಿತ್ತು ಅಂತೂ ಅಲ್ಲ, ಯಾಕಂದ್ರ ಅಲ್ಲಿ ಬರದದ್ದ ಏನು? ‘ಪೂರ್ತಿ ಪಾಕೀಟನ್ನ ಒಂದ ಲೀಟರ್ ಕುಡಿಯೂ ನೀರಿನ್ಯಾಗ ಕರಗಿಸಿ, 24 ತಾಸಿನ್ಯಾಗ ಬಳಸ್ರಿ, ವೈದ್ಯರು ಹೇಳಿದಂಗ ತಗೋರಿ’. ಈ ಮೂರು ಮಾತಿನ್ಯಾಗ ಒಂದೊಂದೂ ಒಂದೊಂದ ಮನಿಯಾಗ ಒಂದೊಂದ ಥರ ಆಗ್ತೈತಿ.

ಒಂದ ಲೀಟರ್ ಅನ್ನೂದನ್ನ ತಗೋರಿ. ನಮ್ಮ ಮನ್ಯಾಗ ನೀರ ಅಳಿಯೂದು ಕೊಡದಾಗ, ಚರಿಗ್ಯಾಗ, ಗಲಾಸಿನ್ಯಾಗ. ಚರಿಗಿ ಒಂದೊಂದ ಮನ್ಯಾಗ ಒಂದೊಂದ ಸೈಜು. ಸ್ಟೀಲ್ ಗಲಾಸ ಕೆಲವು 200 ಎಂಎಲ್ ಹಿಡೀತಾವು, ಕೆಲವು 300ಕ್ಕ ಹೋಗ್ತಾವು. ಅದಕ್ಕ ಭಾಳ ಮಂದಿ ಏನ ಮಾಡ್ತಾರಂದ್ರ ದೊಡ್ಡ ಪಾಕೀಟ ಹರದು ಒಂದ ಚಮಚಾ ಗಲಾಸಿಗೆ ಹಾಕಿ ಕುಡಿಸಿ, ಉಳದದ್ದನ್ನ ಬಾಯಿ ಮಡಚಿ ಡಬ್ಬಿ ಹಿಂದ ಇಡ್ತಾರ. ಒಳಗಿನ ನಾಲ್ಕ ಪದಾರ್ಥ ಪಾಕೀಟಿನ್ಯಾಗ ಸಮಾ ಹರಡಿರ್ತಾವು ಅಂತ ಗ್ಯಾರಂಟಿ ಇಲ್ಲ, ಚಮಚಾದಾಗ ಉಪ್ಪ ಹೆಚ್ಚ ಬಂತೋ ಗ್ಲೂಕೋಸ್ ಹೆಚ್ಚ ಬಂತೋ ಯಾರಿಗ್ಗೊತ್ತು, ಮ್ಯಾಲೆ ತೆರದಿಟ್ಟ ಪುಡಿ ಹಸಿ ಹಿಡೀತೈತಿ. ಇನ್ನ ಕೆಲವರು ಒಂದ ಲೀಟರಿನ ಪಾಕೀಟ ಪೂರ್ತಿ ಒಂದ ಗಲಾಸ ನೀರಿಗೆ ಸುರೀತಾರ, ಗಟ್ಟಿ ಆದ್ರ ಪವರ್ ಜಾಸ್ತಿ ಅಂತ. ಇದು ಭಾಳ ಡೇಂಜರ್ ರೀ. ನೀರ ಕಮ್ಮಿ ಆದ್ರ ಉಪ್ಪು ಏರಿ ಕೂಸಿನ ರಕ್ತದಾಗ ಸೋಡಿಯಂ ಹೆಚ್ಚಾಗ್ತೈತಿ, ಫಿಟ್ಸ್ ಬರೂ ಮಟ್ಟಿಗೆ ಹೋಗಬಹುದು, ಜುಲಾಬೂ ಹೆಚ್ಚಾಗ್ತಾವು. ನೀರ ಹೆಚ್ಚಾದ್ರ ಕೆಲಸ ಮಾಡಂಗಿಲ್ಲ. ಅದಕ್ಕ ನಾ ಕೌಂಟರಿನ್ಯಾಗ ಒಂದ ಲೀಟರಿನ ಖಾಲಿ ನೀರಿನ ಬಾಟ್ಲಿ ಇಟ್ಟೀನಿ. ಪಾಕೀಟ ಕೊಡೂ ಮುಂದ ಬಾಟ್ಲಿ ಎತ್ತಿ ತೋರಿಸಿ, ‘ಇದು ಸೀಲ್ ಇದ್ದಾಗ ನೀರ ಎಲ್ಲಿತನಾ ಇರ್ತೈತಿ ನೋಡ್ರಿ, ಅಲ್ಲಿತನಾ ತುಂಬ್ರಿ, ಪಾಕೀಟ ಒಂದ ಸಲಕ್ಕ ಪೂರ್ತಿ ಹಾಕ್ರಿ’ ಅಂತೀನಿ. ಈ ಬಾಟ್ಲಿ ಇಲ್ಲದ ಮನಿ ಈಗ ನಮ್ಮ ಜಿಲ್ಲಾದಾಗ ಸಿಗೂದ ಕಷ್ಟ, ತಾಂಡಾದಾಗೂ ಐತಿ, ಕಬ್ಬ ಕಡಿಯೂ ಗ್ಯಾಂಗಿನ ಗಾಡ್ಯಾಗೂ ಐತಿ. ಓದು ಬರಹ ಬ್ಯಾಡ, ಭಾಷಾನೂ ಬ್ಯಾಡ.

ಈ ಐಡಿಯಾ ನನ್ನದೇನೂ ಹೊಸದಲ್ಲ. ಆಫ್ರಿಕಾದ ಗ್ಯಾಂಬಿಯಾ ದೇಶದಾಗ 1982ರಾಗ ಇದನ್ನ ಎಷ್ಟ ಚಂದ ಮಾಡ್ಯಾರ ಅಂದ್ರ, ಅಲ್ಲಿ ಹಳ್ಳ್ಯಾಗ ಎಲ್ಲಾ ಕಡೆ ಸಿಗೂ ಒಂದ ಕೂಲ್ ಡ್ರಿಂಕ್ ಬಾಟ್ಲಿ ಇತ್ತಂತ, ಆ ಬಾಟ್ಲಿಲೆ ಮೂರ ಸಲ ನೀರ, ಅದರ ಮುಚ್ಚಳಲೆ ಎಂಟ ಮುಚ್ಚಳ ಸಕ್ರಿ, ಒಂದ ಮುಚ್ಚಳ ಉಪ್ಪು, ಇಷ್ಟ ಲೆಕ್ಕ. ಓದಾಕ ಬರದವ್ರಿಗೆ ಬಣ್ಣದ ಚಿತ್ರದ ಹಾಳಿ ಹಂಚಿ, ರೇಡಿಯೋದಾಗ ‘ಈಗ ಹಾಳ್ಯಾಗಿನ ಈ ಬಣ್ಣದ ಚಿತ್ರ ನೋಡ್ರಿ’ ಅಂತ ಒಂದೊಂದಾಗಿ ವಿವರಿಸಿದ್ರು, ಸರಿ ಕಲಸಿ ತೋರಿಸಿದ ತಾಯಂದ್ರಿಗೆ ಬಹುಮಾನದ ಲಾಟರಿ ಇಟ್ರು. ಬಾಂಗ್ಲಾದೇಶದಾಗ ಬ್ರ್ಯಾಕ್ ಸಂಸ್ಥೆಯವ್ರು 1980ರಿಂದ ಹತ್ತ ವರ್ಷ ಮನಿ ಮನಿಗೆ ಹೆಣ್ಮಕ್ಕಳನ್ನ ಕಳಿಸಿ ಒಂದ ಕೋಟಿಗಿಂತ ಹೆಚ್ಚ ಮನಿಗೆ ಹೇಳಿಕೊಟ್ರು. ಅಲ್ಲಿ ಪಾಕೀಟೂ ಇರಲಿಲ್ಲ, ಬಾಟ್ಲಿನೂ ಇರಲಿಲ್ಲ, ಮೂರ ಬೆರಳಿನ ಚಿವಟಿ ಉಪ್ಪು, ಒಂದ ಹಿಡಿ ಬೆಲ್ಲ, ಅರ್ಧ ಸೇರ ನೀರ, ಅಂದ್ರ ಅಳತಿ ಮಾಪ ಪೂರ್ತಿ ತಾಯಿ ಕೈಯಾಗ ಇತ್ತು. ಈಜಿಪ್ಟದಾಗ 80ರ ದಶಕದಾಗ ಮತ್ತ ಬ್ಯಾರೆ ದಾರಿ, ಓದಾಕ ಬರದ ಹೆಂಗಸ್ರೂ ಟಿವಿ ನೋಡ್ತಿದ್ರು, ಅದಕ್ಕ ಕರೀಮಾ ಮುಖ್ತಾರ್ ಅನ್ನೂ ಎಲ್ಲಾರಿಗೂ ಗುರುತಿದ್ದ ನಟಿ ಕಡೆಯಿಂದ ಟಿವಿಯಾಗ ಹೇಳಿಸಿದ್ರು, ಮನ್ಯಾಗ ಲೀಟರ್ ಪಾತ್ರಿ ಇಲ್ಲ ಅಂತ ತಿಳದು ಪಾಕೀಟನ್ನ 200 ಎಂಎಲ್‌ಗೆ ಇಳಿಸಿ ಅದಕ್ಕ ಸರಿಯಾದ ಕಪ್ಪೂ ಕೊಟ್ರು. ಔಷಧದ ಗುಟ್ಟು ಮೂರೂ ಕಡೆ ಒಂದ. ಹೇಳೂ ರೀತಿ ಮಾತ್ರ ಆ ಊರಿನ ಅಡಗಿ ಮನಿ ನೋಡಿ, ಆ ಮಂದಿ ದಿನಾ ಏನ ನೋಡ್ತಾರ ಏನ ಕೇಳ್ತಾರ ಅನ್ನೂದನ್ನ ನೋಡಿ ಮಾಡಿದ್ದು. ನಮ್ಮ ಪಾಕೀಟಿನ ಮ್ಯಾಲೆ ಆ ನೋಟ ಕಾಣಂಗಿಲ್ಲ, ದಿಲ್ಲ್ಯಾಗೂ ಅದ ಬರಹ, ನಮ್ಮ ತಾಂಡಾದಾಗೂ ಅದ ಬರಹ.

ಬ್ರ್ಯಾಕ್‌ನವ್ರ ಇನ್ನೊಂದ ಕೆಲಸ ನನಗ ಭಾಳ ಮನಸಿಗೆ ಬಂದೈತಿ. ಹೇಳಿಕೊಡೂ ಹೆಣ್ಮಕ್ಕಳಿಗೆ ಪಗಾರ ಅವ್ರು ಎಷ್ಟ ಮನಿ ತಿರಗಿದ್ರು ಅನ್ನೂದರ ಮ್ಯಾಲೆ ಅಲ್ಲ, ಆಮ್ಯಾಲೆ ಬ್ಯಾರೆ ಒಬ್ರು ಹೋಗಿ ಆ ತಾಯಿನ್ನ ಕೇಳಿದಾಗ ಆಕಿಗೆ ಎಷ್ಟ ನೆನಪೈತಿ, ಸರಿ ಕಲಸ್ತಾಳೋ ಇಲ್ಲೋ ಅನ್ನೂದರ ಮ್ಯಾಲೆ. ನಮ್ಮ ಕಡೆ ಏನಾಗೈತಿ ಅಂದ್ರ ಹ್ಯಾಂಡ್‌ಬಿಲ್ ಹಂಚಿದ್ರ, ಬ್ಯಾನರ್ ಕಟ್ಟಿದ್ರ, ಫೋಟೋ ಹೊಡದ್ರ ಮಾಹಿತಿ ಮುಟ್ಟಿತು ಅಂತ ಲೆಕ್ಕ. ನಾ ಅಂಗಡ್ಯಾಗ ಒಂದ ರೂಢಿ ಮಾಡ್ಕೊಂಡೀನಿ, ಪಾಕೀಟ ಕೊಟ್ಟು ಹೇಳಿದ ಮ್ಯಾಲೆ ‘ಈಗ ನೀವ ನನಗ ಹೇಳ್ರಿ ಅಕ್ಕಾರ, ಮನಿಗೆ ಹೋಗಿ ಹೆಂಗ ಮಾಡ್ತೀರಿ’ ಅಂತ ಕೇಳ್ತೀನಿ. ಗರ್ದಿ ಇದ್ದಾಗ ಹಿಂದಿನವ್ರು ಬೈತಾರ, ಬೈಲಿ. ಹಿಂಗ ಕೇಳಿದಾಗನ ಗೊತ್ತಾಗೂದು, ಹೂಂ ಹೂಂ ಅಂತ ತಲಿ ಆಡಿಸಿದವ್ರು ಒಳಗ ಏನ ತಿಳಕೊಂಡಾರ ಅನ್ನೂದು. ಒಬ್ಬ ಯಜಮಾನ್ರು ನಾ ಬಾಟ್ಲಿ ತೋರಿಸಿ ಅಷ್ಟ ಹೇಳಿದ ಮ್ಯಾಲೂ ‘ಒಂದ ಬಾಟ್ಲಿ ಒಮ್ಮೆಲೇ ಕುಡಿಸಬೇಕಲ್ರಿ’ ಅಂದ್ರು, ಮನ್ಯಾಗ ಇದ್ದದ್ದು ಎಂಟ ತಿಂಗಳ ಕೂಸು. ಅಲ್ಲಿಂದ ಮತ್ತ ಶುರು ಮಾಡಿ, ಎರಡ ವರ್ಷದ ಒಳಗಿನ ಕೂಸಿಗೆ ಒಂದೊಂದ ಸಲ ಜುಲಾಬ ಆದ ಮ್ಯಾಲೆ ಕಾಲ ಗಲಾಸಿನಿಂದ ಅರ್ಧ ಗಲಾಸ, ಚಮಚಾದಿಂದ ಸಾವಕಾಶ, ವಾಂತಿ ಮಾಡಿದ್ರ ಹತ್ತ ನಿಮಿಷ ಬಿಟ್ಟು ಮತ್ತ ಇನ್ನೂ ಸಾವಕಾಶ, ಎರಡ ದಾಟಿದ ಹುಡುಗ್ರಿಗೆ ಅರ್ಧದಿಂದ ಒಂದ ಗಲಾಸ ಅಂತ ಹೇಳಿ ಕಳಿಸಿದೆ. ಈ ಲೆಕ್ಕಾ ಪಾಕೀಟಿನ ಮ್ಯಾಲೆ ಇರಂಗಿಲ್ಲ. ವೈದ್ಯರು ಹೇಳಿದಂಗ ಅಂತ ಬರದು ಬಿಟ್ರ, ರಾತ್ರಿ ಹನ್ನೊಂದಕ್ಕ ತೋಟದ ಮನ್ಯಾಗ ಕೂಸ ಹಿಡ್ಕೊಂಡ ಕುಂತಾಕಿ ಯಾವ ವೈದ್ಯರನ್ನ ಕೇಳಬೇಕು?

ಅಂಗಡಿಗೆ ಬರೂದು ಗಂಡಸ್ರು, ಮನ್ಯಾಗ ಕಲಸೂದು ಹೆಂಗಸ್ರು, ಇದು ಇನ್ನೊಂದ ದೊಡ್ಡ ಗ್ಯಾಪು. ಬ್ರ್ಯಾಕ್‌ನವ್ರಿಗೂ ಇದ ತೊಂದ್ರಿ ಬಂದಿತ್ತು, ತಾಯಂದ್ರಿಗೆ ಕಲಸಾಕ ಬರ್ತಿತ್ತು ಆದ್ರ ಬಳಸೂವ್ರು ಕಮ್ಮಿ, ಯಾಕಂದ್ರ ಮನಿ ಗಂಡಸ್ರಿಗೆ ಯಾರೂ ಹೇಳಿರಲಿಲ್ಲ, ಆಮ್ಯಾಲೆ ಸಂತ್ಯಾಗ ಮಸೂತ್ಯಾಗ ಗಂಡಸ್ರಿಗೂ ಹೇಳಾಕ ಶುರು ಮಾಡಿದ್ರು. ನಮ್ಮಲ್ಲಿ ಇದರ ಉಲ್ಟಾ, ಗಂಡಸಿಗೆ ನಾ ಹೇಳ್ತೀನಿ, ಅಂವ ಮನಿಗೆ ಹೋಗೂದರಾಗ ಅರ್ಧ ಮರತಿರ್ತಾನ. ಅದಕ್ಕ ‘ಮನಿಗೆ ಫೋನ್ ಹಚ್ಚರಿ ಅಣ್ಣಾರ, ಸ್ಪೀಕರ್ ಮ್ಯಾಲೆ ಹಾಕ್ರಿ’ ಅಂತೀನಿ, ಕಲಸೂ ಕೈಗೆ ನೇರ ಹೇಳ್ತೀನಿ. ಹೆಚ್ಚಾಗಿ ಆ ಕಡೆ ಫೋನ್ ಎತ್ತೂದು ಅತ್ತಿ. ಅದೂ ಚಲೋನ ಆತು, ಯಾಕಂದ್ರ ಸೊಸಿಗೆ ಹೇಳಿ ಅತ್ತಿಗೆ ಹೇಳಲಿಲ್ಲಂದ್ರ ಕೆಲಸ ಆಗಂಗಿಲ್ಲ, ಕೂಸಿಗೆ ನೀರ ಕುಡಿಸಿದ್ರ ಇನ್ನೂ ಜುಲಾಬ ಆಗ್ತಾವು ಅಂತ ತಡಿಯೂವ್ರು ಹಿರ್ಯಾರನ. ಅವ್ರಿಗೆ ಅಂಗಡ್ಯಾವ ಬಂದು ನಿಮ್ಮದು ತಪ್ಪು ಅಂದ್ರ ಸೇರಂಗಿಲ್ಲ, ಸೇರಬಾರದೂ ಕೂಡ, ನಾಲ್ಕ ಮಕ್ಕಳ ಹಡದು ದೊಡ್ಡವ್ರನ್ನ ಮಾಡಿದ ಜೀವ ಅದು. ಅವ್ರಿಗೆ ನಾ ಹೇಳೂದು, ‘ಯವ್ವಾ, ಹೋದ ನೀರ ವಾಪಸ್ ಹೋಗಲಿಲ್ಲಂದ್ರ ಕೂಸ ಬಾಡತೈತಿ, ನೀವ ನೋಡೀರಿ, ಕಣ್ಣ ಒಳಗ ಹೋಗಿರ್ತಾವು, ಅತ್ರ ನೀರ ಬರಂಗಿಲ್ಲ, ಬಾಯಿ ಒಣಗಿರ್ತೈತಿ, ಉಚ್ಚಿ ಹೊಯ್ಯಂಗಿಲ್ಲ’ ಅಂತ. ಅವ್ರು ಕಣ್ಣಾರೆ ಕಂಡಿರ್ತಾರ, ಅಲ್ಲಿಂದ ಹಿಡಕೊಂಡು ಹೋದ್ರ ಒಪ್ಪತಾರ. ಜುಲಾಬ ನಿಲ್ಲಿಸೂ ಔಷಧ ಅಂತ ಹೇಳಿ ಓಆರ್‌ಎಸ್ ಕೊಟ್ರ ಮರುದಿನ ಸಿಟ್ಟಲೆ ಬರ್ತಾರ, ನಿಂದ್ರಲೇ ಇಲ್ಲ ಅಂತ. ಇದು ನಿಲ್ಲಸಾಕ ಅಲ್ಲ, ಹೋದ ನೀರ ಉಪ್ಪ ತುಂಬಾಕ ಅನ್ನೂದನ್ನ ಮೊದ್ಲ ಹೇಳಬೇಕು. ಇದೂ ಪಾಕೀಟಿನ ಮ್ಯಾಲೆ ಯಾರಿಗೂ ತಿಳಿಯೂವಂಗ ಬರದಿಲ್ಲ.

ಮತ್ತ ಎಲ್ಲಾ ಜುಲಾಬೂ ನಮ್ಮ ಮಂದಿ ಲೆಕ್ಕದಾಗ ಬ್ಯಾನಿ ಅಲ್ಲ. ಹಲ್ಲ ಬರೂ ಟೈಮಿನ್ಯಾಗ ಆಗೂದು ಬ್ಯಾರೆ, ಉಷ್ಣಕ್ಕ ಆಗೂದು ಬ್ಯಾರೆ, ದೃಷ್ಟಿ ತಾಗಿ ಆಗೂದು ಬ್ಯಾರೆ, ಇವ್ಯಾವಕ್ಕೂ ದವಾಖಾನಿ ಬ್ಯಾಡ ಅಂತ ಮನ್ಯಾಗ ತೀರ್ಮಾನ ಆಗಿರ್ತೈತಿ. ‘ಹಲ್ಲಿಂದ ಆಗ್ಯಾವ್ರಿ, ತಂತಾನ ಹೋಗ್ತಾವು’ ಅಂದಾಗ ನಾ ಹಲ್ಲಿನ ಬಗ್ಗೆ ವಾದಾ ಮಾಡಂಗಿಲ್ಲ, ‘ಯಾವದರಿಂದರ ಆಗಲಿ, ನೀರ ಹೋಗೂದು ಖರೆ ಅಲ್ಲೇನ್ರಿ, ನೀರ ಹೋದಾಗೆಲ್ಲಾ ಇದು’ ಅಂತೀನಿ. ದೃಷ್ಟಿ ತಗೀಲಿ, ಅದರ ಸಂಗ್ತಿ ಇದೂ ಕುಡಿಸಲಿ.

ಭಾಷಾ ಅಂದ್ರ ವಿಜಯಪುರದಾಗ ಬರೇ ಕನ್ನಡ ಅಲ್ಲ. ಊರಾಗ ಉರ್ದು ಮಾತಾಡೂ ಮಂದಿ ಭಾಳ, ಚಡಚಣ ಕಡೆಯಿಂದ ಬರೂವ್ರು ಮರಾಠಿ, ತಾಂಡಾದ ಹಿರೇ ಹೆಂಗಸ್ರು ಲಂಬಾಣಿ ಬಿಟ್ರ ಕನ್ನಡ ಸಂತಿ ವ್ಯವಹಾರದಷ್ಟ. ಲಂಬಾಣಿಗೆ ಸ್ವಂತ ಲಿಪಿ ರೂಢಿ ಇಲ್ಲ, ಹಂಗಾಗಿ ಏನ ಪ್ರಿಂಟ್ ಮಾಡಿದ್ರೂ ಆ ಅಜ್ಜಿಗೆ ಮುಟ್ಟಂಗಿಲ್ಲ, ಧ್ವನಿನ ಬೇಕು. ನಮ್ಮ ಗಿರಾಕಿ ಒಬ್ರ ಮಗಳು, ಕಾಲೇಜ ಓದೂ ಹುಡುಗಿ, ತನ್ನ ಭಾಷಾದಾಗ ಒಂದ ನಿಮಿಷದ ವಾಯ್ಸ್ ಮಾಡಿ ಕೊಟ್ಟಾಳ. ನಾ ಬರದು ಕೊಟ್ಟದ್ದನ್ನ ಆಕಿ ಹಂಗ ಓದಲಿಲ್ಲ, ‘ಹಿಂಗ ಅಂದ್ರ ನಮ್ಮ ಅಜ್ಜಿ ಕೇಳಂಗಿಲ್ರಿ, ನಾ ನನ್ನ ರೀತಿಲೆ ಹೇಳ್ತೀನಿ’ ಅಂದು ಒಬ್ಬ ಅಜ್ಜಿ ಮೊಮ್ಮಗಳ ಮಾತುಕತಿ ಥರ ಮಾಡಿದ್ಲು. ಈಗ ತಾಂಡಾದವ್ರು ಬಂದ್ರ ಅವ್ರ ಫೋನಿಗೆ ಅದನ್ನ ಕಳಸ್ತೀನಿ, ಕೀಪ್ಯಾಡ್ ಫೋನ್ ಇದ್ರ ಅಲ್ಲೇ ಕೌಂಟರ್ ಮ್ಯಾಲೆ ಕೇಳಿಸ್ತೀನಿ. ಒಬ್ಬಾಕಿ ಮುದುಕಿ ಎರಡ ಸಲ ಹಚ್ಚಾಕ ಹೇಳಿ ಕೇಳಿ, ಹೋಗೂ ಮುಂದ ಆ ಹುಡುಗಿ ಯಾರ ಮಗಳಪಾ ಅಂತ ವಿಚಾರಿಸಿದ್ಲು. ಉರ್ದುದಾಗ ಬಾಜೂ ಅಂಗಡಿ ಚಾಚಾ ಹೇಳಿಕೊಟ್ಟಂಗ ನಾನ ಮಾತಾಡ್ತೀನಿ, ಮರಾಠಿ ನನಗ ಬರ್ತೈತಿ.

ಚಿತ್ರ ಹಾಕಿದ್ರ ಎಲ್ಲಾರಿಗೂ ತಿಳೀತೈತಿ ಅಂತ ಭಾಳ ಮಂದಿ ಅಂತಾರ, ಅದು ಅಷ್ಟ ಸಲೀಸಲ್ಲ. ನಾ ಅಂಗಡಿಯಾಗ ಕೊಡಾಕ ಒಂದ ಅರ್ಧ ಹಾಳಿ ಚಿತ್ರದ ಚೀಟಿ ಮಾಡೂ ಮುಂದ, ಝೆರಾಕ್ಸ್‌ಗೆ ಕೊಡೂಕ್ಕಿಂತ ಮೊದ್ಲ ಪೆನ್ಸಿಲ್ಲಿಲೆ ತಗದು ಬಂದವ್ರಿಗೆಲ್ಲಾ ತೋರಿಸಿ ‘ಇದು ಏನ್ ಹೇಳ್ತೈತ್ರಿ’ ಅಂತ ಕೇಳಿದೆ. ಸಣ್ಣ ಗಲಾಸಿನ ಮ್ಯಾಲೆ ಕೆಂಪ ಕಾಟ ಹಾಕಿ ಇದರಾಗ ಕಲಸಬ್ಯಾಡ್ರಿ ಅಂತ ತೋರಿಸಿದ್ರ, ಕೆಲವರಿಗೆ ಅದು ದವಾಖಾನಿ ಗುರ್ತಿನಂಗ ಕಂಡು ಇದು ಔಷಧದ ಗಲಾಸು ಅಂದ್ರು. 24 ತಾಸಿಗೆ ಸೂರ್ಯ, ಚಂದ್ರ, ಮತ್ತ ಸೂರ್ಯ ಬರದ್ರ ‘ಮುಂಜಾನೆ ಒಂದ, ರಾತ್ರಿ ಒಂದ’ ಅಂದ್ರು, ಖರೆ ಐತಿ, ನಾವ ಗುಳಗಿ ಕವರ್ ಮ್ಯಾಲೆ ಹಂಗ ಗುರ್ತ ಹಾಕಿ ಕೊಡ್ತೀವಿ, ಅದನ್ನ ಅವ್ರು ಕಲತಾರ. ಎಡಕ್ಕ ಬಾಡಿದ ಕೂಸು ಬಲಕ್ಕ ನಗೂ ಕೂಸು ಬರದ್ರ, ಉರ್ದು ಬಲದಿಂದ ಓದೂ ರೂಢಿ ಇದ್ದವ್ರು ಉಲ್ಟಾ ತಿಳ್ಕೊಳ್ಳೂ ಸಂಭವ ಐತಿ, ಅದಕ್ಕ ಮ್ಯಾಲಿಂದ ಕೆಳಗ ಬರದೆ. ಕಾಟ ತಗದೆ, ಸೂರ್ಯ ಚಂದ್ರ ತಗದೆ. ಕೊನಿಗೆ ಉಳದದ್ದು ಮೂರ ಚಿತ್ರ, ಗೆರಿ ಹಾಕಿದ ಬಾಟ್ಲಿ, ಪೂರ್ತಿ ಖಾಲಿ ಆಗೂವಂಗ ಸುರಿಯೂ ಪಾಕೀಟು, ಮಡಿಲಾಗ ಕೂಸ ಹಿಡ್ಕೊಂಡು ಚಮಚಾಲೆ ಕುಡಿಸೂ ಅವ್ವ. ಉಳದದ್ದು ಬಾಯಿಲೆ, ‘ನಾಳೆ ಇದ ಹೊತ್ತಿಗೆ ಉಳದಿದ್ರ ಚೆಲ್ಲಿ ಹೊಸದ ಮಾಡ್ರಿ’ ಅಂತ. ನಾ ಕೌಂಟರ್ ಮ್ಯಾಲೆ ಪುಕ್ಕಟ ಮಾಡಬಹುದಾದ ಕೆಲಸಾನ ಲಕ್ಷಗಟ್ಟಲೆ ಪಾಕೀಟ ಹೊಡಿಯೂ ಕಂಪನಿಯವ್ರು ಯಾಕ ಮಾಡಂಗಿಲ್ಲ ಅನ್ನೂದು ನನಗ ತಿಳಿವಲ್ದು, ಪ್ರಿಂಟ್ ಮಾಡೂ ಮೊದ್ಲ ಹತ್ತ ಮನಿಗೆ ಹೋಗಿ ತೋರಿಸಿದ್ರ ಸಾಕ.

ಓದಿದವ್ರದು ಬ್ಯಾರೆನ ತೊಂದ್ರಿ. ಅವ್ರು ರುಚಿ ಕೇಳ್ತಾರ, ರೆಡಿ ಕುಡಿಯೂ ಡಬ್ಬಿ ಕೇಳ್ತಾರ. ಓಆರ್‌ಎಸ್ ಅಂತ ಹೆಸರ ಇಟಗೊಂಡ ಹಣ್ಣಿನ ರಸದ ಡಬ್ಬಿಗಳು ವರ್ಷಾನಗಟ್ಟಲೆ ಮೆಡಿಕಲ್ ಅಂಗಡ್ಯಾಗನ ಸಾಲಾಗಿ ನಿಂತಿದ್ದು, ಅವುಗಳಾಗ ಸಕ್ರಿ ಡಬ್ಲ್ಯೂಎಚ್‌ಒ ಹದಕ್ಕಿಂತ ಎಷ್ಟೋ ಪಟ್ಟ ಹೆಚ್ಚು, ಸಕ್ರಿ ಹೆಚ್ಚಾದ್ರ ಕರುಳು ನೀರ ಹೊರಗ ಎಳೀತೈತಿ, ಜುಲಾಬ ಇನ್ನೂ ಜೋರ ಆಗ್ತಾವು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಅವ್ರು ಇದರ ಸಲುವಾಗಿ ವರ್ಷಗಟ್ಟಲೆ ಒಬ್ರ ಬಡದಾಡಿದ್ರು, ಕೊನಿಗೆ 2025ರ ಅಕ್ಟೋಬರದಾಗ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಇಂಥ ಪಾನೀಯದ ಹೆಸರಿನ್ಯಾಗ ಓಆರ್‌ಎಸ್ ಅಂತ ಹಾಕಬಾರದು ಅಂತ ಆರ್ಡರ್ ಮಾಡ್ತು. ಆ ತಾಯಿಗೆ ಕೈ ಮುಗೀಬೇಕು. ನೋಡ್ರಿ, ಇಲ್ಲಿ ಓದಾಕ ಬರೂವ್ರ ಮೋಸ ಹೋದದ್ದು, ದೊಡ್ಡಕ್ಷರದಾಗಿನ ಹೆಸರ ಓದಿದ್ರು, ಹಿಂದಿನ ಸಣ್ಣಕ್ಷರ ಓದಲಿಲ್ಲ. ಈಗೂ ರೆಡಿ ಡಬ್ಬಿ ತಗೊಳ್ಳಾವ್ರು ಡಬ್ಲ್ಯೂಎಚ್‌ಒ ಫಾರ್ಮುಲಾ ಅಂತ ಬರದದ್ದು ಐತೇನು ನೋಡಿ ತಗೋರಿ, ಗೊತ್ತಾಗಲಿಲ್ಲಂದ್ರ ಕೌಂಟರಿನ್ಯಾಗ ಕೇಳ್ರಿ. ಬಿಸಲಿಗೆ ದಣದೀವಿ ಅಂತ ದಿನಾ ಕೂಲ್ ಡ್ರಿಂಕಿನಂಗ ಕುಡಿಯೂದೂ ಬ್ಯಾಡ, ಬಿಪಿ ಇದ್ದವ್ರಿಗೆ ಅದರಾಗಿನ ಉಪ್ಪು ಸುಮ್ಮಸುಮ್ಮನೆ ಯಾಕ, ಮಜ್ಜಿಗಿ ಕುಡೀರಿ. ಶುಗರ್ ಇದ್ದವ್ರು ‘ಗ್ಲೂಕೋಸ್ ಐತಿ ನಮಗ ಬ್ಯಾಡ’ ಅಂತ ಜುಲಾಬ ಹತ್ತಿದಾಗೂ ಬಿಡ್ತಾರ, ಹಂಗ ಮಾಡಬ್ಯಾಡ್ರಿ, ನೀರ ಬತ್ತೂದು ಅವ್ರಿಗೂ ಅಷ್ಟ ಕೆಟ್ಟದ್ದು, ಡಾಕ್ಟರಿಗೆ ಒಂದ ಫೋನ್ ಮಾಡಿ ಕೇಳಿ ಶುಗರ್ ಚೆಕ್ ಮಾಡ್ಕೋತ ಕುಡೀರಿ.

ಕಬ್ಬಿನ ಸೀಜನ್ನಿಗೆ ಹೋಗೂ ಗ್ಯಾಂಗಿನವ್ರು, ಗೋವಾಕ್ಕ ದುಡ್ಯಾಕ ಹೋಗೂವ್ರು ಹೊಂಡೂ ಮುಂದ ನಾಲ್ಕಾರ ಪಾಕೀಟ ಒಯ್ತಾರ. ಅವ್ರಿಗೆ ‘ಕುದಿಸಿ ಆರಿಸಿದ ನೀರ’ ಅಂತ ಹೇಳಿ ಕೈ ತೊಳಕೊಂಡ್ರ ಆಗಂಗಿಲ್ಲ, ಹೊಲದ ಗುಡಿಸಲದಾಗ ರಾತ್ರಿ ಯಾರ ಕುದಸ್ತಾರ, ನೀರ ಕುದ್ದು ಆರೂತನಾ ಕೂಸ ತಡಿಯಂಗಿಲ್ಲ. ಕುದಿಸಾಕ ಆದ್ರ ಛಲೋನ, ಆಗದಿದ್ರ ಇದ್ದದ್ದರಾಗ ಸ್ವಚ್ಛ ಕುಡಿಯೂ ನೀರಿನ್ಯಾಗ ತಕ್ಷಣ ಕಲಸ್ರಿ, ಪಾಕೀಟ ಮುಗದ್ರ ಒಂದ ಲೀಟರ್ ನೀರಿಗೆ ಆರ ಚಾ ಚಮಚಾ ಸಕ್ರಿ ಅರ್ಧ ಚಾ ಚಮಚಾ ಉಪ್ಪು, ಚಮಚಾ ತುದಿ ಮಟ್ಟ ಮಾಡಿ, ಅಂತ ಅವ್ರಿಗೆ ಹೇಳ್ತೀನಿ. ಅದನ್ನ ಊರಾಗ ದವಾಖಾನಿ ಹತ್ರ ಇರೂವ್ರಿಗೆ ಹೇಳಂಗಿಲ್ಲ, ಅವ್ರಿಗೆ ಪಾಕೀಟ ಸಿಗ್ತಾವು, ಮನ್ಯಾಗ ಅಂದಾಜಲೆ ಉಪ್ಪ ಹಾಕಿ ಕೆಡಿಸಿಕೊಳ್ಳೂದು ಯಾಕ. ಒಂದ ವಿಷಯ, ಇಬ್ಬರಿಗೆ ಎರಡ ಥರ ಹೇಳೂದರಾಗ ತಪ್ಪೇನಿಲ್ಲ.

ಇನ್ನ ಝಿಂಕ್ ಗುಳಗಿ. ಇದು ಓಆರ್‌ಎಸ್ ಜೋಡಿ ಕೊಡಬೇಕಾದದ್ದು, ಆರ ತಿಂಗಳ ದಾಟಿದ ಕೂಸಿಗೆ ದಿನಕ್ಕ 20 ಎಂಜಿ, ಎರಡರಿಂದ ಆರ ತಿಂಗಳಿನವಕ್ಕ 10 ಎಂಜಿ, 14 ದಿನ. ಚಮಚಾದಾಗ ನೀರಿಲೆ ಇಲ್ಲಾ ಎದಿ ಹಾಲಿಲೆ ಕರಗಿಸಿ ಕುಡಸೂದು. ಜುಲಾಬ ಮೂರ ದಿನಕ್ಕ ನಿಂತ್ರ ಗುಳಗಿನೂ ನಿಲ್ಲಸ್ತಾರ, ಉಳದದ್ದು ಡಬ್ಬ್ಯಾಗ. ಹದಿನಾಲ್ಕ ದಿನ ಯಾಕ ಅನ್ನೂದನ್ನ ಯಾರೂ ಹೇಳಿರಂಗಿಲ್ಲ. ಮುಂದಿನ ಎರಡ ಮೂರ ತಿಂಗಳ ಮತ್ತ ಜುಲಾಬ ಬರೂದು ಕಮ್ಮಿ ಆಗ್ತೈತಿ ಅಂದ್ರ ತಾಯಂದ್ರು ಪೂರ್ತಿ ಕೊಡ್ತಾರ. ಎದಿ ಹಾಲ ಬಿಡಿಸಬ್ಯಾಡ್ರಿ, ಊಟಾ ಬಿಡಿಸಬ್ಯಾಡ್ರಿ, ಗಂಜಿ, ಮೊಸರನ್ನ, ಮೆತ್ತಗ ನುಚ್ಚು ಮಜ್ಜಿಗಿ, ಏನ ತಿಂತೈತಿ ಕೊಡ್ರಿ.

ಸರ್ಕಾರಿ ಪಾಕೀಟ ಬಗ್ಗೆ ಕೇಳ್ತಾರ, ಫ್ರೀ ಕೊಡೂದು ಡುಪ್ಲಿಕೇಟ್ ಏನ್ರಿ ಅಂತ. ಅಲ್ರಿ, ಅದ ಫಾರ್ಮುಲಾ, ಆಶಾ ಅಕ್ಕಾರ ಹತ್ರ, ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಸಿಗ್ತಾವು, ಅದರ ಜೋಡಿ ಸಿಗೂ ದೊಡ್ಡ ಲಾಭ ಅಂದ್ರ ಅಕ್ಕಾರು ಮನಿಗೆ ಬಂದು ನಿಮ್ಮ ಚರಿಗ್ಯಾಗನ ಕಲಸಿ ತೋರಿಸಬಹುದು, ಅದನ್ನ ಯಾವ ಮೆಡಿಕಲ್ ಅಂಗಡಿನೂ ಮಾಡಂಗಿಲ್ಲ. ನಾ 20 ರೂಪಾಯಿ ಆಸುಪಾಸಿಗೆ ಮಾರಾಂವ ಹೇಳಾಕತ್ತೀನಿ, ಮೊದ್ಲ ಅವ್ರನ್ನ ಕೇಳ್ರಿ. ಸಣ್ಣ ಪಾಕೀಟ ಅಂದ್ರ 200 ಎಂಎಲ್‌ದು, ರೇಟಿನ ಲೆಕ್ಕಕ್ಕ ತುಟ್ಟಿ ಬೀಳ್ತೈತಿ ಆದ್ರ ಸಣ್ಣ ಕೂಸ ಇದ್ದ ಮನಿಗೆ, ಪ್ರವಾಸಕ್ಕ ಅದ ಬೆಸ್ಟು, ಚೆಲ್ಲೂದು ಕಮ್ಮಿ, ಆದ್ರ ಗಲಾಸ 200 ಎಂಎಲ್‌ದ ಹೌದೋ ಅಲ್ಲೋ ಒಮ್ಮೆ ಅಳದು ನೋಡ್ಕೋರಿ. ಎರಡೂ ಸೈಜು ಒಂದ ಅಂಗಡ್ಯಾಗ ಇರ್ತಾವು, ಕಲರ್ರೂ ಹೆಚ್ಚುಕಮ್ಮಿ ಒಂದ ಥರ, ಹೋದ ಸಲ ಸಣ್ಣದ ಒಯ್ದವ್ರು ಈ ಸಲ ದೊಡ್ಡದ ಒಯ್ದು ಅದ ಗಲಾಸಿಗೆ ಸುರಿಯೂದ ಆಗ್ತೈತಿ. ಸೈಜಿಗೊಂದ ಬಣ್ಣ, ಎದ್ದು ಕಾಣೂವಂಗ ಬಾಟ್ಲಿ ಇಲ್ಲಾ ಗಲಾಸಿನ ಚಿತ್ರ, ಇಷ್ಟ ಮಾಡಿದ್ರ ನಾ ಮೂರನೇ ಸ್ಟಾರ್ ಇವತ್ತ ಕೊಡ್ತೀನಿ, ಕನ್ನಡ ಹಾಕಿದ್ರ ನಾಲ್ಕನೇದೂ.

ಕೂಸ ಏಳದಂಗ ಬಿದ್ದಿದ್ರ, ಕುಡ್ಯಾಕ ಒಲ್ಲೆ ಅಂದ್ರ, ಕುಡದದ್ದೆಲ್ಲಾ ವಾಂತಿ ಆದ್ರ, ಸಂಡಾಸದಾಗ ರಕ್ತ ಬಂದ್ರ, ಹೊಟ್ಟಿ ತೊಗಲ ಚಿವಟಿ ಬಿಟ್ರ ಸಾವಕಾಶ ಕೆಳಗಿಳದ್ರ ಪಾಕೀಟ ನಂಬಿ ಮನ್ಯಾಗ ಕೂಡಬ್ಯಾಡ್ರಿ, 108ಕ್ಕ ಹಚ್ಚರಿ, ದಾರ್ಯಾಗ ಕುಡಿಸ್ಕೋತ ಹೋಗ್ರಿ. ಸುಮ್ಮನೆ ಏನರ ಕೇಳೂದಿದ್ರ 104 ಐತಿ, ಕನ್ನಡದಾಗ ಮಾತಾಡ್ತಾರ. ತಗೊಳ್ಳೂ ಮುಂದ ಪಾಕೀಟಿನ ತಾರೀಖ ನೋಡ್ರಿ, ಒಳಗ ಪುಡಿ ಗಡ್ಡಿ ಕಟ್ಟಿ ಕಂದ ಬಣ್ಣಕ್ಕ ತಿರಗಿದ್ರ ವಾಪಸ್ ಕೊಡ್ರಿ, ನಮ್ಮ ಅಂಗಡ್ಯಾಗ ಆದ್ರೂ ಸೈ.